ಜನ ನಿಂತಲ್ಲೇ, ಲೋಡ್ ಮಾತ್ರ ಆನೆ ಜೊತೆ: ಜಂಬೂ ಸವಾರಿ ದಿನದ ಮೊಬೈಲ್ ನೆಟ್‌ವರ್ಕ್, ಒಂದು ಪ್ರಕರಣ ಅಧ್ಯಯನ

ವಿಜಯದಶಮಿಯ ಮಧ್ಯಾಹ್ನ ಮೈಸೂರಿನ ಕೆ.ಆರ್. ವೃತ್ತದಲ್ಲಿ ನಿಂತವರು ಒಂದು ಮಾತು ಹೇಳೇ ಹೇಳುತ್ತಾರೆ: "ಸಿಗ್ನಲ್ ಫುಲ್ ಇದೆ, ಕಾಲ್ ಮಾತ್ರ ಹೋಗ್ತಿಲ್ಲ." ಎರಡೂ ನಿಜ. ಫೋನಿನ ಮೇಲಿನ ಗೆರೆಗಳು ತೋರಿಸುವುದು ಟವರ್ ನಿಮಗೆ ಎಷ್ಟು ಜೋರಾಗಿ ಕೇಳಿಸುತ್ತಿದೆ ಎಂಬುದನ್ನು. ನಿಮ್ಮ ಮಾತು ಕೇಳಲು ಆ ಟವರ್‌ಗೆ ಪುರುಸೊತ್ತು ಇದೆಯಾ ಎಂಬುದನ್ನು ಆ ಗೆರೆಗಳು ಹೇಳುವುದಿಲ್ಲ.

ಒಂದು ಮೊಬೈಲ್ ಕಂಪನಿಯ ರೇಡಿಯೋ ತಂಡ ಆ ಒಂದು ದಿನಕ್ಕಾಗಿ ಏನು ಮಾಡಿತು, ಯಾಕೆ ಮಾಡಿತು ಎಂಬುದು ಇಲ್ಲಿನ ವಿಷಯ. ನಾನೂ ಆ ತಂಡದಲ್ಲಿದ್ದೆ. ಕಂಪನಿಯ ಹೆಸರು ಬೇಡ. ಜಂಬೂ ಸವಾರಿಯ ದಿನ ಯಾವ ಸಿಮ್ ಇದ್ದರೂ ಕಥೆ ಹೆಚ್ಚುಕಡಿಮೆ ಇದೇ. ಕಾಲ ಎಂದರೆ 5ಜಿ ಬಂದ ಮೇಲಿನ ಒಂದು ದಸರಾ. ಆದರೂ ಆ ರಸ್ತೆಯಲ್ಲಿ ಭಾರ ಹೊತ್ತಿದ್ದು ಹೆಚ್ಚಾಗಿ 4ಜಿಯೇ.

ಜಾಗ ಮತ್ತು ಜನ

ಮೆರವಣಿಗೆ ಅರಮನೆಯಿಂದ ಹೊರಟು ಚಾಮರಾಜ ವೃತ್ತ, ಕೆ.ಆರ್. ವೃತ್ತ, ಸಯ್ಯಾಜಿರಾವ್ ರಸ್ತೆ, ಆಯುರ್ವೇದ ಆಸ್ಪತ್ರೆ ವೃತ್ತ, ಬಂಬೂ ಬಜಾರ್ ಹಾದು ಬನ್ನಿಮಂಟಪ ಸೇರುತ್ತದೆ. ಸುಮಾರು 5 ಕಿಲೋಮೀಟರ್ ದಾರಿ. ಮೊದಲು ನಂದಿಧ್ವಜ ಪೂಜೆ. ಆಮೇಲೆ ಕಲಾತಂಡಗಳು, ಸ್ತಬ್ಧಚಿತ್ರಗಳು. ಚಿನ್ನದ ಅಂಬಾರಿ ಹೊತ್ತ ಆನೆ ಬರುವುದು ಇವೆಲ್ಲ ಮುಂದೆ ಹೋದ ಮೇಲೆ. 750 ಕಿಲೋ ತೂಕ ಹೊತ್ತ ಆನೆ ಓಡುವುದಿಲ್ಲ ಅಲ್ವಾ, ಹಾಗಾಗಿ ಮೆರವಣಿಗೆಗೆ ಗಂಟೆಗಟ್ಟಲೆ ಹಿಡಿಯುತ್ತದೆ.

ಮೊದಲು ನಾವು ಇದನ್ನು ಓಡಾಟದ ಸಮಸ್ಯೆ ಎಂದೇ ನೋಡುತ್ತಿದ್ದೆವು. ಲಕ್ಷಾಂತರ ಜನ, ಉದ್ದದ ರಸ್ತೆ, ಚಲಿಸುವ ಮೆರವಣಿಗೆ. ಆದರೆ ಹಿಂದಿನ ವರ್ಷದ ಲಾಗ್ ಬಿಚ್ಚಿ ನೋಡಿದರೆ ಬೇರೆಯೇ ಚಿತ್ರ. ಜನ ಬ್ಯಾರಿಕೇಡ್ ಹಿಂದೆ ಬೆಳಿಗ್ಗೆಯಿಂದ ಹಿಡಿದ ಜಾಗ ಬಿಟ್ಟು ಅಲ್ಲಾಡುವುದಿಲ್ಲ. ಬಿಟ್ಟರೆ ಜಾಗ ಹೋಯಿತು. ಚಲಿಸುವುದು ಅಂಬಾರಿ. ಅಂಬಾರಿ ಎದುರಿಗೆ ಬಂದಾಗ ಅಲ್ಲಿದ್ದವರೆಲ್ಲ ಒಟ್ಟಿಗೆ ಕೈ ಎತ್ತಿ ವಿಡಿಯೋ ಮಾಡುತ್ತಾರೆ, ಅದು ದಾಟಿದ ಕೂಡಲೇ ಒಟ್ಟಿಗೆ ಕಳಿಸುತ್ತಾರೆ. ಅಂದರೆ ಲೋಡ್ ರಸ್ತೆಯುದ್ದಕ್ಕೂ ಆನೆಯ ನಡಿಗೆಯಲ್ಲಿ ಒಂದೊಂದೇ ಸೆಲ್ (ಟವರ್‌ನ ಒಂದು ಆಂಟೆನಾ ನೋಡಿಕೊಳ್ಳುವ ಜಾಗ) ದಾಟಿಕೊಂಡು ಹೋಗುತ್ತದೆ. ಜನರ ನಿಜವಾದ ಓಡಾಟ ಶುರುವಾಗುವುದು ಅಂಬಾರಿ ಹೋದ ಮೇಲೆ. ಆಗ ಗುಂಪು ಒಡೆದು ದೇವರಾಜ ಅರಸು ರಸ್ತೆ, ಇರ್ವಿನ್ ರಸ್ತೆ, ರೈಲ್ವೆ ಸ್ಟೇಷನ್, ಬಸ್ ಸ್ಟ್ಯಾಂಡ್ ಕಡೆಗೆ ನುಗ್ಗುತ್ತದೆ. ಇನ್ನೊಂದಷ್ಟು ಜನ ಪಂಜಿನ ಕವಾಯತಿಗೆ ಬನ್ನಿಮಂಟಪಕ್ಕೆ ಹೊರಡುತ್ತಾರೆ.

ಈ ಎರಡು ಘಟ್ಟಗಳಿಗೂ ಒಂದೇ ಸೆಟ್ಟಿಂಗ್ ಇಟ್ಟುಕೊಂಡರೆ ಎರಡೂ ಕೆಡುತ್ತವೆ.

ಬುದ್ಧಿವಂತ ಫೀಚರ್ ಮಾಡಿದ ಕೆಲಸ

4ಜಿಯ 20 ಮೆಗಾಹರ್ಟ್ಸ್‌ನ ಒಂದು ಸೆಲ್‌ನಲ್ಲಿ ಇರುವುದು 100 ರಿಸೋರ್ಸ್ ಬ್ಲಾಕ್, ಅಂದರೆ ಫೋನ್‌ಗಳಿಗೆ ಹಂಚುವ ಫ್ರೀಕ್ವೆನ್ಸಿಯ ತುಂಡುಗಳು. ಒಂದೊಂದು 180 ಕಿಲೋಹರ್ಟ್ಸ್ ಅಗಲ. ಪ್ರತಿ ಮಿಲಿಸೆಕೆಂಡಿಗೂ ಈ ನೂರನ್ನು ಯಾರಿಗೆ ಎಷ್ಟು ಎಂದು ಶೆಡ್ಯೂಲರ್ ಹಂಚುತ್ತದೆ. ಸಿಗ್ನಲ್ ಸ್ವಚ್ಛವಾಗಿ ಸಿಗುತ್ತಿರುವ ಫೋನಿಗೆ ಒಂದು ಬ್ಲಾಕ್‌ನಲ್ಲಿ ಜಾಸ್ತಿ ಬಿಟ್ ತುಂಬಬಹುದು. ಗದ್ದಲದಲ್ಲಿರುವ ಫೋನಿಗೆ ಅದೇ ಫೋಟೋ ಕಳಿಸಲು ಹಲವು ಪಟ್ಟು ಬ್ಲಾಕ್ ಬೇಕು. ಫೋನ್ ತನ್ನ ಸಿಗ್ನಲ್‌ನ ಗುಣವನ್ನು 1ರಿಂದ 15ರವರೆಗಿನ ಒಂದು ಅಂಕೆಯಾಗಿ ಟವರ್‌ಗೆ ಹೇಳುತ್ತಿರುತ್ತದೆ. ಇದಕ್ಕೆ ಸಿಕ್ಯೂಐ ಎನ್ನುತ್ತಾರೆ. ಈ ಅಂಕೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹಿಂದಿನ ವರ್ಷ ಆ ರಸ್ತೆಯ ಸೆಲ್‌ಗಳಲ್ಲಿ ಲೋಡ್ ಬ್ಯಾಲೆನ್ಸಿಂಗ್ ಆಟೋಮ್ಯಾಟಿಕ್ ಆಗಿ ನಡೆಯುತ್ತಿತ್ತು. ಒಂದು ಸೆಲ್ ತುಂಬಿದರೆ ಅಂಚಿನಲ್ಲಿರುವ ಫೋನ್‌ಗಳನ್ನು ಪಕ್ಕದ ಸೆಲ್‌ಗೆ ತಳ್ಳುವ ಫೀಚರ್ ಅದು. ಮಾಮೂಲಿ ದಿನ ಬಹಳ ಒಳ್ಳೆಯದು. ಸಂಜೆ ಮಾರ್ಕೆಟ್ ಸೆಲ್ ತುಂಬುತ್ತದೆ, ಪಕ್ಕದ ಆಫೀಸ್ ಸೆಲ್ ಖಾಲಿ ಇರುತ್ತದೆ, ಲೆಕ್ಕ ಸರಿಹೋಗುತ್ತದೆ. ಜಂಬೂ ಸವಾರಿಯ ದಿನ ಪಕ್ಕದಲ್ಲಿ ಖಾಲಿ ಎಂಬ ಸೆಲ್ಲೇ ಇರುವುದಿಲ್ಲ. ತುಂಬಿದ ಸಿಟಿ ಬಸ್ಸಿನಿಂದ ಇಳಿಸಿ ಹಿಂದೆ ಬರುತ್ತಿರುವ ತುಂಬಿದ ಬಸ್ಸಿಗೆ ಹತ್ತಿಸಿದ ಹಾಗೆ.

ಅದರ ಒಳಗೇನಾಯಿತು ಎಂದು ಒಂದು ಜೋಡಿ ಸೆಲ್‌ನಲ್ಲೇ ನೋಡೋಣ. ಒಂದು ಕೆ.ಆರ್. ವೃತ್ತದ ಕಡೆಗೆ ಮುಖ ಮಾಡಿದ ಸೆಲ್. ಇನ್ನೊಂದು ದೇವರಾಜ ಮಾರುಕಟ್ಟೆ ಕಡೆಯದು. ಎರಡೂ ಒಂದೇ ಫ್ರೀಕ್ವೆನ್ಸಿ. ಫೋನ್ ವೃತ್ತದ ಸೆಲ್‌ನಿಂದ ಮಾರುಕಟ್ಟೆ ಸೆಲ್‌ಗೆ ಹ್ಯಾಂಡೋವರ್ ಆಗಬೇಕಾದರೆ ಎ3 ಎಂಬ ಷರತ್ತು ತುಂಬಬೇಕು. ನಮ್ಮಲ್ಲಿ ಆಫ್‌ಸೆಟ್ 2 ಡಿಬಿ, ಹಿಸ್ಟರಿಸಿಸ್ 1 ಡಿಬಿ ಇತ್ತು. ಇವೆರಡೂ ಆ ಷರತ್ತಿನ ಅಂತರಗಳು, ಡಿಬಿ ಎಂದರೆ ಸಿಗ್ನಲ್ ಬಲದ ವ್ಯತ್ಯಾಸದ ಅಳತೆ. ಅಂದರೆ ಪಕ್ಕದ ಸೆಲ್ 3 ಡಿಬಿ ಜೋರಾಗಿ ಕೇಳಿಸಿದರೆ ಮಾತ್ರ ಫೋನ್ ಜಾಗ ಬದಲಿಸುತ್ತದೆ. ಸುಮ್ನೆ ಅತ್ತಿಂದಿತ್ತ ಹಾರದಿರಲಿ ಎಂದು ಇಟ್ಟ ಅಂತರ ಇದು.

ವೃತ್ತದ ಸೆಲ್ ತುಂಬಿತು. ಲೋಡ್ ಬ್ಯಾಲೆನ್ಸಿಂಗ್ ಮಾರುಕಟ್ಟೆ ಸೆಲ್‌ಗೆ 6 ಡಿಬಿ ಹೆಚ್ಚುವರಿ ಅಂಕ ಕೊಟ್ಟಿತು. ಈಗ ಮಾರುಕಟ್ಟೆ ಸೆಲ್ 3 ಡಿಬಿ ಕಡಿಮೆ ಕೇಳಿಸಿದರೂ ಫೋನ್ ಅಲ್ಲಿಗೆ ಹೋಗುತ್ತದೆ. ಸ್ವಲ್ಪ ಹೊತ್ತಿಗೆ ಮಾರುಕಟ್ಟೆ ಸೆಲ್ ತುಂಬಿತು. ಅದೂ ವೃತ್ತದ ಸೆಲ್‌ಗೆ 6 ಡಿಬಿ ಕೊಟ್ಟಿತು. ಎರಡು ಸೆಲ್‌ಗಳ ಬಲದ ವ್ಯತ್ಯಾಸ 3 ಡಿಬಿಗಿಂತ ಕಡಿಮೆ ಇರುವ ಪಟ್ಟಿಯಲ್ಲಿ ನಿಂತ ಯಾವ ಫೋನಿಗೂ ಈಗ ನೆಲೆ ಇಲ್ಲ. ಇಲ್ಲಿದ್ದರೆ ಅಲ್ಲಿಗೆ ಹೋಗುವ ಷರತ್ತು ತುಂಬಿರುತ್ತದೆ, ಅಲ್ಲಿಗೆ ಹೋದರೆ ಇಲ್ಲಿಗೆ ಬರುವ ಷರತ್ತು. ಮನುಷ್ಯ ಬ್ಯಾರಿಕೇಡ್ ಹಿಡಿದು ನಿಂತಲ್ಲೇ ನಿಂತಿದ್ದಾನೆ. ಅವನ ಫೋನ್ ಮಾತ್ರ ಎರಡು ಟವರ್ ನಡುವೆ ಪಿಂಗ್-ಪಾಂಗ್ ಆಡುತ್ತಿದೆ. ಪ್ರತಿ ಹಾರಾಟಕ್ಕೂ ಸಿಗ್ನಲಿಂಗ್ (ಫೋನ್ ಮತ್ತು ಟವರ್ ನಡುವಿನ ಒಳ ಸಂದೇಶಗಳು) ಬೇಕು, ಹೊಸ ಸೆಲ್‌ನಲ್ಲಿ ಮತ್ತೆ ಬಾಗಿಲು ತಟ್ಟಬೇಕು.

ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದಿತ್ತು. ಇದನ್ನು ಹೊಸ ಎಂಜಿನಿಯರ್‌ಗಳು ಮರೆಯುವುದೇ ಜಾಸ್ತಿ. ಒಂದೇ ಫ್ರೀಕ್ವೆನ್ಸಿಯಲ್ಲಿ ಫೋನನ್ನು 3 ಡಿಬಿ ಕ್ಷೀಣವಾದ ಸೆಲ್‌ಗೆ ತಳ್ಳಿದಿರಿ ಎಂದುಕೊಳ್ಳಿ. ಬಿಟ್ಟು ಬಂದ ಸೆಲ್ ಎಲ್ಲಿಗೂ ಹೋಗಿಲ್ಲ. ಅದು ಪೂರ್ತಿ ಲೋಡ್‌ನಲ್ಲಿ, 3 ಡಿಬಿ ಜೋರಾಗಿ, ಅದೇ ಫ್ರೀಕ್ವೆನ್ಸಿಯಲ್ಲಿ ಕೂಗುತ್ತಲೇ ಇದೆ. ಮೊದಲು ಹೆಚ್ಚೆಂದರೆ 3 ಡಿಬಿ ಇದ್ದ ಸಿಗ್ನಲ್-ಗದ್ದಲದ ಅನುಪಾತ ಈಗ ಮೈನಸ್ 3. ಸಿಕ್ಯೂಐ ಅಂದಾಜು 5 ಇದ್ದದ್ದು 2ಕ್ಕೆ ಇಳಿಯುತ್ತದೆ. 4ಜಿ ಮಾನದಂಡದ ಪಟ್ಟಿಯಲ್ಲಿ ಸಿಕ್ಯೂಐ 5ಕ್ಕೆ ರೇಡಿಯೋ ಸಂಕೇತದ ಅತಿ ಚಿಕ್ಕ ತುಣುಕಾದ ಒಂದು ಸಿಂಬಲ್‌ನಲ್ಲಿ ಹೋಗುವುದು 0.8770 ಬಿಟ್. ಸಿಕ್ಯೂಐ 2ಕ್ಕೆ 0.2344. ಅದೇ ಫೋಟೋಗೆ ಈಗ ಹತ್ತಿರ ಹತ್ತಿರ ನಾಲ್ಕು ಪಟ್ಟು ಬ್ಲಾಕ್ ಬೇಕು. ಲೋಡ್ ಹಂಚಲು ಹೋಗಿ ಲೋಡನ್ನೇ ಬೆಳೆಸಿದ ಹಾಗಾಯಿತು.

ನನ್ನ ಅಭಿಪ್ರಾಯ ಕೇಳಿದರೆ, ಎಲ್ಲ ಕಡೆ ತುಂಬಿರುವ ದಿನ ಒಂದೇ ಫ್ರೀಕ್ವೆನ್ಸಿಯ ಸೆಲ್‌ಗಳ ನಡುವೆ ಲೋಡ್ ಬ್ಯಾಲೆನ್ಸಿಂಗ್ ಎನ್ನುವುದು ಇರಲೇಬಾರದು. ಫೋನ್ ತನಗೆ ಅತಿ ಜೋರಾಗಿ ಕೇಳಿಸುವ ಸೆಲ್‌ನಲ್ಲೇ ಇರಲಿ, ಕಾಯಬೇಕಾದರೆ ಅಲ್ಲೇ ಕಾಯಲಿ.

ಬದಲಿಸಿದ್ದು

ಮೆರವಣಿಗೆ ದಾರಿಯ ಎಲ್ಲ ಸೆಲ್‌ಗಳಲ್ಲೂ ಒಂದೇ ಫ್ರೀಕ್ವೆನ್ಸಿಯ ಬ್ಯಾಲೆನ್ಸಿಂಗ್ ನಿಲ್ಲಿಸಿದೆವು. ಹೆಚ್ಚುವರಿ ಅಂಕಗಳನ್ನೆಲ್ಲ ಸೊನ್ನೆಗೆ ತಂದೆವು. ಹ್ಯಾಂಡೋವರ್ ಷರತ್ತು ಎಷ್ಟು ಹೊತ್ತು ಸತತವಾಗಿ ತುಂಬಿರಬೇಕು ಎಂಬ ಕಾಯುವ ಅವಧಿಯನ್ನು ಅಂಬಾರಿ ಬರುವ ತನಕ 320ರಿಂದ 640 ಮಿಲಿಸೆಕೆಂಡಿಗೆ ಏರಿಸಿದೆವು. ನಿಂತ ಜನರಿಗೆ ಆತುರದ ಹ್ಯಾಂಡೋವರ್ ಬೇಕಿಲ್ಲ.

ಟಿಲ್ಟ್, ಅಂದರೆ ಆಂಟೆನಾ ಕೆಳಕ್ಕೆ ಬಾಗುವ ಕೋನ, ಅದನ್ನೂ ತಿದ್ದಿದೆವು. ಸಯ್ಯಾಜಿರಾವ್ ರಸ್ತೆ ನೇರವಾಗಿದೆ, ಎರಡೂ ಕಡೆ ಕಟ್ಟಡ. ವೃತ್ತದ ಆಂಟೆನಾ ಬೀಮ್ ಆ ಓಣಿಯೊಳಗೆ ಹೊಕ್ಕು ಬೇಡದಷ್ಟು ದೂರ ಹೋಗುತ್ತಿತ್ತು. ಜನ ಫೋನನ್ನು ತಲೆ ಮೇಲೆ ಎತ್ತಿದಾಗ ಇದು ಇನ್ನೂ ಜೋರು. ಕೆಳಗಿದ್ದಾಗ ಸುತ್ತಲಿನ ಮೈಗಳೇ ದೂರದ ಸಿಗ್ನಲನ್ನು ತಡೆಯುತ್ತವೆ. ಕೈ ಎತ್ತಿದ ಕೂಡಲೇ ಫೋನಿಗೆ ಮೂರು ನಾಲ್ಕು ಸೆಲ್ ಸರಿಸಮ ಕೇಳಿಸತೊಡಗುತ್ತವೆ. ಗೆರೆಗಳು ಏರುತ್ತವೆ, ಗುಣ ಇಳಿಯುತ್ತದೆ. ಆಂಟೆನಾಗಳನ್ನು ರಿಮೋಟ್‌ನಲ್ಲೇ ಸ್ವಲ್ಪ ಬಗ್ಗಿಸಿದ ಮೇಲೆ ಈ ಮೇಲಾಟ ಕಡಿಮೆಯಾಯಿತು.

ಹಾಗಾದರೆ ಲೋಡ್ ಹಂಚುವುದೇ ಬೇಡವಾ? ಬೇಕು. ಆದರೆ ಒಂದೇ ಟವರ್‌ನ ಬೇರೆ ಬೇರೆ ಫ್ರೀಕ್ವೆನ್ಸಿ ಪದರಗಳ ನಡುವೆ. ಅದೇ ಕಂಬದ ಮೇಲೆ 1800, 2300 ಮೆಗಾಹರ್ಟ್ಸ್ ಇದ್ದವು. 1800ರಿಂದ 2300ಕ್ಕೆ ಹೋದ ಫೋನಿಗೆ 1800ರ ಗದ್ದಲ ಕೇಳಿಸುವುದಿಲ್ಲ. ಹಂಚಿದ್ದು ನಿಜವಾಗಿ ಹಂಚಿದಂತಾಗುತ್ತದೆ.

ಇಲ್ಲೂ ಒಂದು ಖರ್ಚಿದೆ. ಕೆಲಸದಲ್ಲಿರುವ ಫೋನ್ ಬೇರೆ ಫ್ರೀಕ್ವೆನ್ಸಿ ಅಳೆಯಬೇಕಾದರೆ ಪ್ರತಿ 40 ಅಥವಾ 80 ಮಿಲಿಸೆಕೆಂಡಿಗೆ 6 ಮಿಲಿಸೆಕೆಂಡ್ ತನ್ನ ಸೆಲ್‌ಗೆ ಕಿವಿ ಮುಚ್ಚಬೇಕು. 40ರ ಲೆಕ್ಕದಲ್ಲಿ ಶೇ. 15ರಷ್ಟು ಹೊತ್ತು ಹೋಯಿತು. ಅದಕ್ಕೆ ನಾವು ಬೇರೆ ದಾರಿ ಹಿಡಿದೆವು. ಫೋನ್ ಕೆಲಸ ಮುಗಿಸಿ ಸಂಪರ್ಕ ಬಿಡುವಾಗ ಟವರ್ ಅದಕ್ಕೆ ಒಂದು ಆದ್ಯತೆಯ ಪಟ್ಟಿ ಕೊಡಬಹುದು: ಮುಂದಿನ 30 ನಿಮಿಷ ಮೊದಲು 2300 ನೋಡು, ಆಮೇಲೆ 1800. ಫೋನ್ ಆರಾಮಾಗಿರುವಾಗಲೇ ಪದರ ಬದಲಿಸಿಕೊಳ್ಳುತ್ತದೆ. ಹ್ಯಾಂಡೋವರ್ ಇಲ್ಲ, ಅಳತೆಯ ಬಿಡುವಿನ ಖರ್ಚಿಲ್ಲ. ನನಗೆ ಈ ಇಡೀ ಕೆಲಸದಲ್ಲಿ ಹೆಚ್ಚು ಇಷ್ಟವಾದ ತುಣುಕು ಇದು.

ಮೇಲಕ್ಕೆ ಹೋಗುವ ದಾರಿ

ಜಾತ್ರೆ, ರ‍್ಯಾಲಿ, ಮೆರವಣಿಗೆಗಳಲ್ಲಿ ಮೊದಲು ಕುಸಿಯುವುದು ಫೋನಿನಿಂದ ಟವರ್‌ಗೆ ಹೋಗುವ ದಾರಿ, ಅಂದರೆ ಅಪ್‌ಲಿಂಕ್. ಮನೆಯಲ್ಲಿ ಜನ ವಿಡಿಯೋ ನೋಡುತ್ತಾರೆ, ಇಲ್ಲಿ ಕಳಿಸುತ್ತಾರೆ.

2300 ಮೆಗಾಹರ್ಟ್ಸ್ ಟಿಡಿಡಿ ಪದರ. ಒಂದೇ ಫ್ರೀಕ್ವೆನ್ಸಿಯನ್ನು ಹೊತ್ತು ಹಂಚಿಕೊಂಡು ಕೆಳಕ್ಕೂ ಮೇಲಕ್ಕೂ ಬಳಸುತ್ತದೆ. ನಾವು ಬಳಸುತ್ತಿದ್ದ ಹಂಚಿಕೆಯಲ್ಲಿ 10 ಸಬ್‌ಫ್ರೇಮ್‌ಗಳಲ್ಲಿ 2 ಮಾತ್ರ ಮೇಲಕ್ಕೆ (ಸಬ್‌ಫ್ರೇಮ್ ಎಂದರೆ ಹೊತ್ತಿನ ಒಂದು ಚಿಕ್ಕ ತುಣುಕು). ಇದನ್ನು ಒಂದು ದಿನದ ಮಟ್ಟಿಗೆ ಆ ರಸ್ತೆಯಲ್ಲಿ ಮಾತ್ರ ತಿರುಗಿಸೋಣ ಎಂದು ಸಭೆಯಲ್ಲಿ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ. ಆಗುವುದಿಲ್ಲ. ಒಂದು ಸೆಲ್ ಕೇಳಿಸಿಕೊಳ್ಳುವ ಹೊತ್ತಿನಲ್ಲಿ ಪಕ್ಕದ್ದು ಪೂರ್ತಿ ಶಕ್ತಿಯಲ್ಲಿ ಮಾತಾಡಿದರೆ ಫೋನಿನ 200 ಮಿಲಿವ್ಯಾಟ್ ಆ ಅಬ್ಬರದಲ್ಲಿ ಎಲ್ಲಿ ಕೇಳಿಸೀತು? ಅಕ್ಕಪಕ್ಕದ ಎಲ್ಲ ಸೆಲ್‌ಗಳೂ ಒಂದೇ ಹಂಚಿಕೆಯಲ್ಲಿ ನಡೆಯಬೇಕು.

ಹಾಗಾಗಿ ವಿಡಿಯೋ ಕಳಿಸುವವರು 1800ರಲ್ಲಿ ಇರುವುದೇ ವಾಸಿ. ಅದು ಎಫ್‌ಡಿಡಿ, ಮೇಲಕ್ಕೆ ಹೋಗಲು ಪ್ರತ್ಯೇಕ ದಾರಿ ಇದೆ. ಅಂಬಾರಿ ಒಂದು ವಲಯಕ್ಕೆ ಬರುವ ಹೊತ್ತಿಗೆ ಆ ವಲಯದ ಆದ್ಯತೆ ಪಟ್ಟಿಯನ್ನು ತಿರುಗಿಸುವ ಯೋಜನೆ ಮಾಡಿದೆವು. ಅಂಬಾರಿ ಎಲ್ಲಿದೆ ಎಂದು ತಿಳಿಯಲು ದೊಡ್ಡ ತಂತ್ರಜ್ಞಾನವೇನೂ ಬೇಕಾಗಲಿಲ್ಲ. ಕಂಟ್ರೋಲ್ ರೂಮಿನಲ್ಲಿ ಟಿವಿ ಹಾಕಿ ನೇರ ಪ್ರಸಾರ ನೋಡುತ್ತಿದ್ದೆವು. ಪ್ರಸಾರ ಕೆಲವು ಸೆಕೆಂಡ್ ತಡವಾದರೇನು, ಆನೆ ಅಷ್ಟರಲ್ಲಿ ಒಂದು ಸೆಲ್ ದಾಟುವುದಿಲ್ಲ.

ಫೋನ್‌ಗಳ ಶಕ್ತಿಯನ್ನೂ ಹಿಡಿತಕ್ಕೆ ತಂದೆವು. ಅಪ್‌ಲಿಂಕ್‌ನಲ್ಲಿ ಗದ್ದಲ ಏರಿದಾಗ ಪ್ರತಿ ಫೋನೂ ತನ್ನದು ಕೇಳಲಿ ಎಂದು ದನಿ ಏರಿಸುತ್ತದೆ. ಎಲ್ಲರೂ ಏರಿಸಿದರೆ ಯಾರದೂ ಕೇಳುವುದಿಲ್ಲ. ದೂರದಿಂದ ಸಿಗ್ನಲ್‌ಗೆ ಆಗುವ ನಷ್ಟವನ್ನು ಪೂರ್ತಿ ತುಂಬಿಕೊಳ್ಳಬೇಡ, 0.8ರಷ್ಟು ಮಾತ್ರ ತುಂಬಿಕೋ ಎಂದು ಸೆಲ್ ಹೇಳಬಹುದು. ಅಂಚಿನ ಫೋನ್‌ಗಳಿಗೆ ಸ್ವಲ್ಪ ನಿಧಾನವಾಗುತ್ತದೆ, ಪಕ್ಕದ ಸೆಲ್ ಉಸಿರಾಡುತ್ತದೆ.

ಬಾಗಿಲಲ್ಲೇ ನೂಕುನುಗ್ಗಲು

ಸಂಪರ್ಕ ಬೇಕಾದ ಫೋನ್ ಮೊದಲು 64 ಸಂಕೇತಗಳಲ್ಲಿ ಒಂದನ್ನು ಆರಿಸಿ ಕಳಿಸುತ್ತದೆ. ಇವುಗಳಲ್ಲಿ ಕೆಲವು ಹ್ಯಾಂಡೋವರ್‌ಗೆ ಮೀಸಲು. ಇಬ್ಬರು ಒಂದೇ ಹೊತ್ತಿಗೆ ಒಂದೇ ಸಂಕೇತ ಆರಿಸಿದರೆ ಡಿಕ್ಕಿ, ಹೆಚ್ಚೆಂದರೆ ಒಬ್ಬರು ಒಳಗೆ ಹೋಗುತ್ತಾರೆ, ಉಳಿದವರು ಮತ್ತೆ ಪ್ರಯತ್ನಿಸಬೇಕು. ಅರಮನೆಯಲ್ಲಿ ಮುಖ್ಯಮಂತ್ರಿ ಪುಷ್ಪಾರ್ಚನೆ ಮಾಡಿ, 21 ಕುಶಾಲತೋಪು ಹಾರಿದಾಗ ಸುತ್ತಲಿನ ಸೆಲ್‌ಗಳಲ್ಲಿ ಆಗುವುದು ಇದೇ. ಯಾರೂ ಹೇಳದೆ ಸಾವಿರಾರು ಫೋನ್ ಒಂದೇ ಕ್ಷಣ ಎಚ್ಚರವಾಗುತ್ತವೆ.

ಇದಕ್ಕೆ ಎರಡು ಹತೋಟಿ. ಒಂದು, ಟವರ್ "ಈಗ ಆಗಲ್ಲ, ಇಷ್ಟು ಸೆಕೆಂಡ್ ಬಿಟ್ಟು ಬಾ" ಎಂದು ವಾಪಸ್ ಕಳಿಸುವುದು. ಇಷ್ಟು ಎಂದರೆ 1ರಿಂದ 16 ಸೆಕೆಂಡ್. ಎರಡನೆಯದು, ಫೋನ್ ಬಾಗಿಲು ತಟ್ಟುವ ಮೊದಲೇ ಚೀಟಿ ಎತ್ತಿಸುವುದು. ಸಾಮಾನ್ಯ ಸಿಮ್‌ಗಳಿಗೆ 0ರಿಂದ 9ರವರೆಗಿನ ವರ್ಗ ಇರುತ್ತದೆ. ತುರ್ತು ಕರೆಗೆ, ತುರ್ತು ಸೇವೆಯವರ ಸಿಮ್‌ಗೆ ವರ್ಗ ಬೇರೆ. ಸಾಮಾನ್ಯರ ಡೇಟಾ ಪ್ರಯತ್ನಗಳಲ್ಲಿ ಒಂದು ಪಾಲನ್ನು ತಡೆದು, ಧ್ವನಿ ಕರೆಯನ್ನೂ 112ನ್ನೂ ಬಿಡಬಹುದು. ದಾರಿಯ ಪಕ್ಕದಲ್ಲೇ ಕೆ.ಆರ್. ಆಸ್ಪತ್ರೆ ಇದೆ. ಆ ಹೊತ್ತಿನಲ್ಲಿ ಅಲ್ಲಿಂದ ಹೊರಡುವ ಕರೆಗೂ ರಸ್ತೆಯ ರೀಲ್ಸ್‌ಗೂ ಸಮಾನ ಹಕ್ಕು ಎಂದು ನಾನಂತೂ ಒಪ್ಪುವುದಿಲ್ಲ.

5ಜಿ ಫೋನ್ ಇದ್ದವರು ನಮಗ್ಯಾಕೆ ಈ ತಾಪತ್ರಯ ಎನ್ನಬಹುದು. ಆ ನೆಟ್‌ವರ್ಕ್‌ನಲ್ಲಿ 5ಜಿ 4ಜಿಯ ಆಸರೆಯಲ್ಲಿ ನಡೆಯುತ್ತಿತ್ತು. ಬಾಗಿಲು 4ಜಿಯದೇ. ಒಳಗೆ ಎಷ್ಟು ದೊಡ್ಡ ಹಜಾರ ಇದ್ದರೂ ಬಾಗಿಲು ದಾಟದೆ ಸಿಗುವುದಿಲ್ಲ.

ಅಂಬಾರಿ ಕೆ.ಆರ್. ವೃತ್ತಕ್ಕೆ ಬರುತ್ತಿದ್ದಾಗ ಕಂಟ್ರೋಲ್ ರೂಮಿನಲ್ಲಿ ಹೊಸ ಹುಡುಗನೊಬ್ಬ ಸ್ಕ್ರೀನ್ ನೋಡಿ ಗಾಬರಿಯಾದ.

"ಸರ್, ವೃತ್ತದ ಸೆಲ್ ನೂರಕ್ಕೆ ನೂರು ಹೋಗಿದೆ. ಮಾರುಕಟ್ಟೆ ಕಡೆ ಇನ್ನೂ ಜಾಗ ಇದೆ. ಹೆಚ್ಚುವರಿ ಅಂಕ ಕೊಡೋಣ್ವಾ?"

"ಬೇಡಪ್ಪಾ. ಇನ್ನು ಸ್ವಲ್ಪ ಹೊತ್ತಿಗೆ ಅಲ್ಲೂ ಹಿಂಗೇ ಆಗುತ್ತೆ. ಆಗ ಇವರನ್ನೆಲ್ಲ ಎಲ್ಲಿಗೆ ಕಳಿಸ್ತೀಯಾ?"

"ಲೋಡ್ ಕೆಂಪಗಿದೆಯಲ್ಲ ಸರ್?"

"ಕೆಂಪಗಿರಲಿ ಬಿಡು. ಕರೆ ಕಟ್ ಆಗ್ತಿದೆಯಾ ನೋಡು, ಅದನ್ನ ಹೇಳು."

ನೂರಕ್ಕೆ ನೂರು ಬಳಕೆಯಾಗುತ್ತಿರುವ ಸೆಲ್ ಕೆಟ್ಟ ಸೆಲ್ ಅಲ್ಲ. ಆ ನೂರರಲ್ಲಿ ಎಷ್ಟು ಬ್ಲಾಕ್ ನಿಜವಾದ ಮಾತಿಗೆ, ಫೋಟೋಗೆ ಹೋಯಿತು, ಎಷ್ಟು ಸುಮ್ಮನೆ ಮರುಪ್ರಯತ್ನಕ್ಕೆ ಹಾಳಾಯಿತು ಎಂಬುದೇ ಪ್ರಶ್ನೆ. ಡ್ಯಾಶ್‌ಬೋರ್ಡ್‌ನ ಕೆಂಪು ಬಣ್ಣ ಇವೆರಡನ್ನು ಬೇರೆ ಮಾಡಿ ತೋರಿಸುವುದಿಲ್ಲ.

ಗುಂಪು ಒಡೆದಾಗ

ಅಂಬಾರಿ ದಾಟಿದ ವಲಯದಲ್ಲಿ ಆಟ ತಿರುಗುತ್ತದೆ. ಈಗ ಜನ ನಿಜವಾಗಿ ನಡೆಯುತ್ತಿದ್ದಾರೆ, ಓಣಿ ತಿರುಗುತ್ತಿದ್ದಾರೆ. ಮೂಲೆ ತಿರುಗಿದ ಕೂಡಲೇ ಹಳೆಯ ಸೆಲ್ ಕಟ್ಟಡದ ಹಿಂದೆ ಮರೆಯಾಗುತ್ತದೆ. 640 ಮಿಲಿಸೆಕೆಂಡ್ ಕಾಯುತ್ತ ಕೂತರೆ ಹ್ಯಾಂಡೋವರ್ ಆದೇಶ ತಲುಪುವ ಮೊದಲೇ ಸಂಪರ್ಕ ಹೋಗಿರುತ್ತದೆ. ಆದ್ದರಿಂದ ಅಡ್ಡರಸ್ತೆಗಳ ಕಡೆಗಿನ ಸೆಲ್‌ಗಳಲ್ಲಿ ಕಾಯುವ ಅವಧಿಯನ್ನು ಮತ್ತೆ ಇಳಿಸಿದೆವು. ವಲಯದಿಂದ ವಲಯಕ್ಕೆ, ಆನೆಯ ಬೆನ್ನ ಹಿಂದೆ.

ಇನ್ನೊಂದು ತೊಂದರೆ ನಕ್ಷೆಯ ಮೇಲೆ ಕಾಣುವಂಥದ್ದು. ನೆಟ್‌ವರ್ಕ್ ಊರನ್ನು ಟ್ರ್ಯಾಕಿಂಗ್ ಏರಿಯಾಗಳಾಗಿ ಹಂಚಿರುತ್ತದೆ. ಗೆರೆ ದಾಟಿದ ಫೋನ್ "ನಾನೀಗ ಇಲ್ಲಿದ್ದೇನೆ" ಎಂದು ವರದಿ ಮಾಡಬೇಕು, ಜೇಬಲ್ಲಿ ಸುಮ್ಮನಿದ್ದರೂ. ಅಂಥ ಒಂದು ಗೆರೆ ಗುಂಪು ಹೊರಹೋಗುವ ದಾರಿಗೇ ಅಡ್ಡ ಬಿದ್ದಿತ್ತು. ಸಾವಿರಾರು ಜನ ಒಟ್ಟಿಗೆ ಆ ಗೆರೆ ದಾಟಿದರೆ ವರದಿಗಳ ಸುರಿಮಳೆ. ಒಂದು ಫೋನಿಗೆ 16 ಏರಿಯಾಗಳವರೆಗೆ ಪಟ್ಟಿ ಕೊಡಲು ಅವಕಾಶ ಇದೆ. ಗೆರೆಯ ಎರಡೂ ಬದಿಯನ್ನು ಒಂದೇ ಪಟ್ಟಿಗೆ ಸೇರಿಸಿದೆವು. ವರದಿ ನಿಂತಿತು. ಬದಲಿಗೆ ಒಂದು ಕರೆ ಬಂದಾಗ ಹುಡುಕಬೇಕಾದ ಜಾಗ ದೊಡ್ಡದಾಯಿತು, ಪೇಜಿಂಗ್, ಅಂದರೆ ಫೋನನ್ನು ಕೂಗಿ ಹುಡುಕುವ ಕೆಲಸ, ಹೆಚ್ಚಾಯಿತು. ಆ ಸಂಜೆಗೆ ಅದು ಒಪ್ಪಬಹುದಾದ ವ್ಯಾಪಾರ.

ಏನು ಸಿಕ್ಕಿತು, ಏನು ಸಿಗಲಿಲ್ಲ

ಕಂಪನಿಯ ಒಳಗಿನ ಅಂಕಿಅಂಶಗಳನ್ನು ಇಲ್ಲಿ ಕೊಡುವ ಹಾಗಿಲ್ಲ. ದಿಕ್ಕನ್ನು ಹೇಳಬಹುದು. ಪಿಂಗ್-ಪಾಂಗ್ ಹ್ಯಾಂಡೋವರ್ ಎದ್ದು ಕಾಣುವಷ್ಟು ಇಳಿಯಿತು, ಮಧ್ಯದಲ್ಲಿ ಕಟ್ ಆಗುವ ಕರೆ ಕಡಿಮೆಯಾಯಿತು. ಚುರುಮುರಿ ಗಾಡಿಯವರ ಯುಪಿಐ ಹಿಂದಿನ ವರ್ಷಕ್ಕಿಂತ ಚೆನ್ನಾಗಿ ನಡೆಯಿತು. ನನ್ನ ಮಟ್ಟಿಗೆ ಅದು ಒಳ್ಳೆಯ ಅಳತೆ. ಯುಪಿಐಗೆ ವೇಗ ಬೇಡ, ಒಳಗೆ ಬಿಟ್ಟುಕೊಂಡರೆ ಸಾಕು.

ವಿಡಿಯೋ ಮಾತ್ರ ನಿಧಾನವೇ. ಅಂಬಾರಿ ಎದುರಿಗಿದ್ದಾಗ ಲೈವ್ ಮಾಡಲು ಹೊರಟವರಿಗೆ ಸುತ್ತುವ ಚಕ್ರವೇ ಕಂಡಿತು. 100 ಬ್ಲಾಕ್ 100 ಬ್ಲಾಕೇ, ಪ್ಯಾರಾಮೀಟರ್ ತಿರುಗಿಸಿ 200 ಮಾಡಲಾಗುವುದಿಲ್ಲ. ಅದಕ್ಕೆ ಬೇಕಾದದ್ದು ದಾರಿಯುದ್ದಕ್ಕೂ ಚಿಕ್ಕ ಸೆಲ್‌ಗಳು, ಚಕ್ರದ ಮೇಲೆ ತರುವ ತಾತ್ಕಾಲಿಕ ಟವರ್‌ಗಳು, ಅವಕ್ಕೆಲ್ಲ ಫೈಬರ್. ಅಗಲವಾದ ಬನ್ನಿಮಂಟಪ ಮೈದಾನದಲ್ಲಿ ಗಾಡಿ ನಿಲ್ಲಿಸುವುದು ಸುಲಭ. ಸಯ್ಯಾಜಿರಾವ್ ರಸ್ತೆಯಲ್ಲಿ ಕಂಬವೇ ಸಿಗುವುದಿಲ್ಲ, ಎಲ್ಲದರ ಮೇಲೂ ದಸರಾ ದೀಪ.

ಆದ್ಯತೆ ಪಟ್ಟಿಯನ್ನು ತಿರುಗಿಸುವ ಯೋಜನೆ ಅರ್ಧ ಮಾತ್ರ ಕೆಲಸ ಮಾಡಿತು. 30 ನಿಮಿಷಕ್ಕೆ ಕೊಟ್ಟ ಹಳೆಯ ಪಟ್ಟಿ ಹಿಡಿದುಕೊಂಡ ಫೋನ್‌ಗಳು ಅಂಬಾರಿ ಬಂದಾಗಲೂ 2300ರಲ್ಲೇ ಕುಳಿತಿದ್ದವು. ಈ ಅವಧಿಗೆ ಮಾನದಂಡದಲ್ಲಿ 5, 10, 20 ನಿಮಿಷಗಳ ಆಯ್ಕೆಯೂ ಇದೆ. ಮೆರವಣಿಗೆಯ ವಲಯಗಳಿಗೆ 10 ಸಾಕು ಎಂದು ಮುಂದಿನ ಸಲದ ಯೋಜನೆಯಲ್ಲಿ ಬರೆದಿದ್ದೇವೆ. ರಾತ್ರಿ ಪಂಜಿನ ಕವಾಯತು ಮುಗಿದ ಮೇಲೆ ಎಲ್ಲ ಸೆಟ್ಟಿಂಗ್ ವಾಪಸ್ ತರುವ ಸ್ಕ್ರಿಪ್ಟ್ ಮೊದಲೇ ಬರೆದಿಟ್ಟದ್ದು ಒಳ್ಳೆಯದಾಯಿತು. ಲೋಡ್ ಬ್ಯಾಲೆನ್ಸಿಂಗ್ ಬೆಳಗಾಗುವ ಮೊದಲು ಮತ್ತೆ ಶುರುವಾಗಿತ್ತು. ಮರುದಿನ ದೇವರಾಜ ಮಾರುಕಟ್ಟೆಗೆ ಅದು ಬೇಕೇ ಬೇಕು.